ಗದರಿಸಿದರೆ ಬಡ್ಡಿ ಬೆಳೆಯುವುದೇ?

‘ಬ್ಯಾಂಕಿನವರಿಗೆ ಏನು ಕಡಿಮೆ ಮಾರಾಯ್ರೆ?’ ಎಂಬ ಮಾತನ್ನು ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಫ್ಯಾನಿನ ಕೆಳಗೆ ಕುರ್ಚಿ, ತಿಂಗಳ ಕೊನೆಗೆ ಸಂಬಳ, ಮನೆ ಕಟ್ಟಲು ಕಡಿಮೆ ಬಡ್ಡಿಯ ಸಾಲ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಇಷ್ಟಿದ್ದೂ ಕೌಂಟರಿನ ಆಚೆ ಕೂತವರ ಮುಖ ಯಾಕೆ ಹರಳೆಣ್ಣೆ ಕುಡಿದಂತಿರುತ್ತದೆ ಎಂದು ಎಲ್ಲರಿಗೂ ಆಶ್ಚರ್ಯ. ಸೊಕ್ಕು ಎನ್ನುವವರುಂಟು, ಸೋಮಾರಿತನ ಎನ್ನುವವರುಂಟು, ಯೂನಿಯನ್ನಿನವರು ಕೆಡಿಸಿದರು ಎನ್ನುವವರೂ ಉಂಟು. ನನ್ನ ಅಭಿಪ್ರಾಯ ಬೇರೆ. ಆ ಮುಖದ ಕಾರಣವನ್ನು ಕೌಂಟರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಒಳಗಿನ ಮ್ಯಾನೇಜರರ ಕೋಣೆಯಲ್ಲಿ, ಅದಕ್ಕೂ ಮೇಲಿನ ಪ್ರಾದೇಶಿಕ ಕಚೇರಿಯಲ್ಲಿ, ಅದಕ್ಕೂ ಮೇಲಿನ ಪ್ರಧಾನ ಕಚೇರಿಯಲ್ಲಿ ಹುಡುಕಬೇಕು. ಕೆಲಸ ಮಾಡುವವರ ತೃಪ್ತಿ ಅತೃಪ್ತಿಗಳು ಬಹುಪಾಲು ಅವರ ಮೇಲೆ ಕೂತವರು ನಡೆದುಕೊಳ್ಳುವ ರೀತಿಯಿಂದ ಹುಟ್ಟುತ್ತವೆ. ಬ್ಯಾಂಕಿನ ದೊಡ್ಡವರು ಇದನ್ನು ಬಾಯಲ್ಲಿ ಒಪ್ಪಿದರೂ ನಡತೆಯಲ್ಲಿ ಒಪ್ಪುವುದಿಲ್ಲ. ಅದರ ನಷ್ಟ ಗುಮಾಸ್ತರಿಗೆ ಮತ್ತು ನಮಗೆ.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಹೆಂಗಸಿಗೆ ಬ್ಯಾಂಕಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನು ಹುಟ್ಟಿ ಬೆಳೆದದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಈ ಮಣ್ಣಿನಲ್ಲೇ. ಇಲ್ಲಿ ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರು ಬ್ಯಾಂಕಿನವರು ಸಿಗುತ್ತಾರೆ. ನಮ್ಮಪ್ಪನ ಜೀನಸಿನ ಅಂಗಡಿಗೆ ದಿನಾ ಸಂಜೆ ಪಿಗ್ಮಿಯವರು ಬರುತ್ತಿದ್ದರು, ನನ್ನ ಬಿ.ಎಡ್. ಫೀಸು ಕಟ್ಟಿದ್ದು ಆ ಪಿಗ್ಮಿಯ ಹಣದಿಂದ. ಅಕ್ಕನ ಮಗ ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹತ್ತು ಹನ್ನೆರಡು ಮಂದಿ ಬೇರೆ ಬೇರೆ ಬ್ಯಾಂಕುಗಳಲ್ಲಿದ್ದಾರೆ. ಇದಲ್ಲದೆ ಶಾಲೆಯ ಮಕ್ಕಳ ವಿದ್ಯಾರ್ಥಿವೇತನದ ಖಾತೆಗಳ ಕೆಲಸ ನನ್ನ ಪಾಲಿಗೆ ಬಂದು ಬಹಳ ವರ್ಷವಾಯಿತು. ವರ್ಷಕ್ಕೆ ಇಪ್ಪತ್ತು ಸಲವಾದರೂ ಮಕ್ಕಳನ್ನು ಕಟ್ಟಿಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುತ್ತೇನೆ. ಬೆಂಚಿನ ಮೇಲೆ ಕೂತು ಕಾಯುವವರಿಗೆ ಕಾಣುವಷ್ಟು ಬ್ಯಾಂಕಿನ ಇನ್‌ಸ್ಪೆಕ್ಟರಿಗೂ ಕಾಣುವುದಿಲ್ಲ.

ನಮ್ಮ ಪೇಟೆಯ ಒಂದು ಶಾಖೆಯಲ್ಲಿ ಆರು ವರ್ಷಗಳ ಅವಧಿಯಲ್ಲಿ ಇಬ್ಬರು ಮ್ಯಾನೇಜರುಗಳನ್ನು ಕಂಡೆ. ಬ್ಯಾಂಕಿನ ಹೆಸರು ಬೇಡ. ಯಾವ ಬ್ಯಾಂಕಾದರೂ ಕಥೆ ಇಷ್ಟೇ. ಮೊದಲನೆಯವರು ಘಟ್ಟದ ಮೇಲಿನಿಂದ ಬಂದ ಹೆಂಗಸು. ಕಂಪ್ಯೂಟರ್ ಕೈಕೊಟ್ಟಾಗ ಗುಮಾಸ್ತರನ್ನು ಜನರ ಬಾಯಿಗೆ ಬಿಟ್ಟು ಒಳಗೆ ಕೂರುತ್ತಿರಲಿಲ್ಲ. ತಾವೇ ಹೊರಗೆ ಬಂದು, ‘ಸರ್ವರ್ ಇಲ್ಲ, ಅರ್ಧ ಗಂಟೆಯಾಗಬಹುದು, ಹೊಲದ ಕೆಲಸ ಇದ್ದವರು ಹೋಗಿ ಬನ್ನಿ’ ಎನ್ನುತ್ತಿದ್ದರು. ಯಾರಾದರೂ ತಪ್ಪು ಮಾಡಿದರೆ ಒಳಗೆ ಕರೆದು ಬಾಗಿಲು ಹಾಕಿಕೊಂಡು ಹೇಳುತ್ತಿದ್ದರು, ಒಳ್ಳೆಯದು ಮಾಡಿದರೆ ಹೊರಗೆ ಬಂದು ಎಲ್ಲರೆದುರು ಹೇಳುತ್ತಿದ್ದರು. ನಮ್ಮ ಮಕ್ಕಳ ನೂಕುನುಗ್ಗಲು ನೋಡಿ, ‘ಏನು ಮಾಡಬಹುದು?’ ಎಂದು ತಮ್ಮ ಗುಮಾಸ್ತರನ್ನೇ ಕೇಳಿದರು. ‘ಬುಧವಾರ ಮಧ್ಯಾಹ್ನ ಒಂದು ಕೌಂಟರ್ ಶಾಲೆಯವರಿಗೆಂದೇ ಬಿಡುವ ಮೇಡಂ’ ಎಂದು ಹೇಳಿದ್ದು ಐವತ್ತು ದಾಟಿದ ಒಬ್ಬ ಗುಮಾಸ್ತ. ಮಾತು ತನ್ನದಾದ್ದರಿಂದ ಕೆಲಸವೂ ತನ್ನದೆಂದು ಅವರಿಗೆ ಅನ್ನಿಸಿರಬೇಕು. ಬುಧವಾರ ಬಂತೆಂದರೆ ಪೆನ್ನು ಹಿಡಿದು ಬೆಂಚಿನ ಹತ್ತಿರವೇ ಬಂದು, ಹೆಬ್ಬೆಟ್ಟು ಒತ್ತುವ ತಾಯಂದಿರ ಫಾರಂ ತಾವೇ ತುಂಬಿಸಿಕೊಡುತ್ತಿದ್ದರು.

ಅವರ ನಂತರ ಬಂದವರು ಕೆಟ್ಟವರೆಂದು ನಾನು ಹೇಳಲಾರೆ. ಕೈ ಶುದ್ಧ, ಸಮಯಪಾಲನೆ ಗಡಿಯಾರದಂತೆ. ಆದರೆ ಕೆಲಸ ಮಾಡಿಸುವ ಒಂದೇ ದಾರಿ ಅವರಿಗೆ ಗೊತ್ತಿತ್ತು, ಅದು ಗದರಿಸುವುದು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಎಲ್ಲರನ್ನೂ ನಿಲ್ಲಿಸಿ, ನಿನ್ನೆ ಯಾರು ಎಷ್ಟು ವಿಮೆ ಮಾಡಿಸಿದರು, ಎಷ್ಟು ಕಾರ್ಡು ಕೊಟ್ಟರು ಎಂದು ಬೋರ್ಡಿನ ಮೇಲೆ ಬರೆಸುವುದು. ಕೊನೆಯಲ್ಲಿದ್ದವರಿಗೆ, ‘ನಿಮಗೆ ಸಂಬಳ ಯಾಕೆ ಕೊಡುವುದು?’ ಎಂಬ ಪ್ರಶ್ನೆ. ಈ ಪ್ರಶ್ನೆಯನ್ನು ಗ್ರಾಹಕರೆದುರಿಗೂ ಕೇಳಿದ್ದನ್ನು ನಾನೇ ಬೆಂಚಿನ ಮೇಲಿಂದ ಕೇಳಿದ್ದೇನೆ. ವರ್ಷ ತುಂಬುವುದರೊಳಗೆ ಇಬ್ಬರು ವರ್ಗಾವಣೆ ಕೇಳಿಕೊಂಡು ಹೋದರು, ಒಬ್ಬರು ಸ್ವಯಂ ನಿವೃತ್ತಿ ಪಡೆದರು. ಬುಧವಾರದ ಕೌಂಟರ್ ಯಾರೂ ಆದೇಶ ಹೊರಡಿಸದೆ ತಾನಾಗಿಯೇ ನಿಂತಿತು. ಪೆನ್ನು ಹಿಡಿದು ಹೊರಗೆ ಬರುತ್ತಿದ್ದ ಅದೇ ಗುಮಾಸ್ತರು ಒಂದು ದಿನ ತಲೆಯೆತ್ತದೆ, ‘ಇವತ್ತು ಲಾಗಿನ್ ಡೇ ಟೀಚರ್, ನಾಡಿದ್ದು ಬನ್ನಿ’ ಎಂದರು. ಲಾಗಿನ್ ಡೇ ಎಂದರೆ ಮೇಲಿನವರು ಗೊತ್ತುಮಾಡಿದ ದಿನ ಎಲ್ಲ ಶಾಖೆಯವರೂ ಇಷ್ಟಿಷ್ಟು ವಿಮೆ ಪಾಲಿಸಿ ಮಾರಲೇಬೇಕಾದ ಹಬ್ಬ. ಆ ನಾಡಿದ್ದು ಹೋದರೆ ಮತ್ತೊಂದು ಅಭಿಯಾನ. ಹೀಗೆ ಆಧಾರ್ ಜೋಡಣೆ ಸಕಾಲಕ್ಕೆ ಆಗದೆ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ ಬೀಡಿ ಕಾರ್ಮಿಕರ ಮಕ್ಕಳಿಗೆ ಬರುವ ವಿದ್ಯಾರ್ಥಿವೇತನ ಆ ವರ್ಷ ಸಿಗಲಿಲ್ಲ. ಅವಳ ತಾಯಿ ಆ ಹಣಕ್ಕೆ ಸಮನಾಗಿ ಎಷ್ಟು ಬೀಡಿ ಕಟ್ಟಬೇಕು ಎಂದು ಲೆಕ್ಕ ಹಾಕಿ ನೋಡಿ.

ಕಟ್ಟಡ ಅದೇ, ಸಂಬಳ ಅದೇ, ಕಂಪ್ಯೂಟರ್ ಅದೇ, ಕೂತ ಜನವೂ ಬಹುಮಟ್ಟಿಗೆ ಅವರೇ. ಬದಲಾದದ್ದು ಒಂದು ಕುರ್ಚಿ ಮಾತ್ರ. ಹಾಗಿದ್ದಮೇಲೆ ಆ ಮುಖಗಳಲ್ಲಿ ನಗು ಮಾಯವಾದದ್ದು ಯೂನಿಯನ್ನಿನಿಂದಲೋ, ಸೋಮಾರಿತನದಿಂದಲೋ? ನೀವೇ ಹೇಳಿ.

ಇದು ಒಂದು ಪೇಟೆಯ ಒಬ್ಬ ಟೀಚರಿಗೆ ಕಂಡದ್ದಷ್ಟೇ ಎಂದು ತಳ್ಳಿಹಾಕುವವರಿಗೆ ನಾನು ಬಿ.ಎಡ್.ನಲ್ಲಿ ಓದಿದ ಒಂದು ಪ್ರಯೋಗವನ್ನು ನೆನಪಿಸುತ್ತೇನೆ. ಶಿಕ್ಷಣ ಮನೋವಿಜ್ಞಾನದ ಪತ್ರಿಕೆಗೆ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೆವು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕರ್ಟ್ ಲೆವಿನ್ ಮತ್ತು ಅವನ ಸಂಗಡಿಗರಾದ ಲಿಪ್ಪಿಟ್, ವೈಟ್ ಎಂಬವರು ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳನ್ನು ಕಟ್ಟಿ, ಮುಖವಾಡ ಮಾಡುವುದೇ ಮೊದಲಾದ ಕೈಕೆಲಸ ಕೊಟ್ಟು ನೋಡಿದರು. 1939ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಎಲ್ಲವನ್ನೂ ತಾನೇ ಅಪ್ಪಣೆ ಮಾಡುವ ನಾಯಕ, ಇನ್ನೊಂದಕ್ಕೆ ಮಕ್ಕಳೊಡನೆ ಚರ್ಚಿಸಿ ನಿರ್ಧರಿಸುವ ನಾಯಕ, ಮತ್ತೊಂದಕ್ಕೆ ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುವ ನಾಯಕ. ಅಪ್ಪಣೆಯ ಗುಂಪಿನಲ್ಲಿ ನಾಯಕ ಎದುರಿದ್ದಾಗ ಕೆಲಸ ಜೋರು, ಅವನು ಕೋಣೆಯಿಂದ ಹೊರಗೆ ಹೋದನೆಂದರೆ ಕೆಲಸ ಇಳಿಮುಖ. ಚರ್ಚೆಯ ಗುಂಪಿನಲ್ಲಿ ನಾಯಕ ಹೊರಗೆ ಹೋದರೂ ಕೆಲಸ ಹೆಚ್ಚುಕಡಿಮೆ ಹಾಗೆಯೇ ಸಾಗುತ್ತಿತ್ತು. ಅಪ್ಪಣೆಯ ಗುಂಪುಗಳಲ್ಲಿ ಕೆಲವರು ಮಂಕಾಗಿ ಕೂತರು, ಕೆಲವರು ತಮ್ಮತಮ್ಮಲ್ಲೇ ಹೊಡೆದಾಡಿದರು. ಒಂದು ಕಡೆ ಹುಡುಗರು ಒಬ್ಬನನ್ನು ಹಿಡಿದು ಎಷ್ಟು ಕಾಡಿದರೆಂದರೆ ಅವನು ಕ್ಲಬ್ಬನ್ನೇ ಬಿಟ್ಟುಹೋದ. ಕೊನೆಗೆ ಕೇಳಿದಾಗ ಇಪ್ಪತ್ತು ಹುಡುಗರಲ್ಲಿ ಹತ್ತೊಂಬತ್ತು ಮಂದಿ ಅಪ್ಪಣೆಯವನಿಗಿಂತ ಚರ್ಚೆಯವನೇ ವಾಸಿ ಎಂದರು. ಉಳಿದ ಒಬ್ಬ ಸೈನ್ಯದ ಅಧಿಕಾರಿಯ ಮಗನಂತೆ!

ಬೋರ್ಡಿನ ಮೇಲೆ ಅಂಕಿ ಬರೆಸುವ ಮ್ಯಾನೇಜರಿಗೆ ಈ ಮುಖವಾಡದ ಹುಡುಗರ ಕಥೆಯಲ್ಲಿ ಎಲ್ಲವೂ ಉಂಟು. ಅವರಿದ್ದಾಗ ಎಲ್ಲರೂ ಎದ್ದು ಓಡಾಡುತ್ತಾರೆ, ಅವರು ಮೀಟಿಂಗಿಗೆಂದು ಮಂಗಳೂರಿಗೆ ಹೋದ ದಿನ ಶಾಖೆ ಉಸಿರು ಬಿಡುತ್ತದೆ. ಅವರ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಲಾಗದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಅದು ಅಟೆಂಡರನ ಮೇಲೆ, ಹೊಸದಾಗಿ ಸೇರಿದ ಹುಡುಗಿಯ ಮೇಲೆ, ಕೊನೆಗೆ ಪಾಸ್‌ಬುಕ್ ಹಿಡಿದು ನಿಂತ ಮುದುಕಿಯ ಮೇಲೆ ಬೀಳುತ್ತದೆ. ಆ ಮುದುಕಿಯೋ, ಬ್ಯಾಂಕಿನವರಿಗೆ ಸೊಕ್ಕು ಎಂದು ಬೈದುಕೊಂಡು ಬಸ್ಸು ಹತ್ತುತ್ತಾಳೆ. ಸಿಟ್ಟಿನ ಮೂಲ ಎಲ್ಲಿತ್ತೆಂದು ಅವಳಿಗೆ ಹೇಳುವವರು ಯಾರು?

ಸಂಬಳದ ಮಾತಿಗೆ ಬರೋಣ. ಸರಕಾರಿ ಬ್ಯಾಂಕುಗಳ ನೌಕರರಿಗೆ ಸಂಬಳ ಏರಿಲ್ಲವೆಂದು ಯಾರೂ ಹೇಳುವಂತಿಲ್ಲ. 2024ರ ಮಾರ್ಚ್‌ನಲ್ಲಿ ಆದ ಒಪ್ಪಂದದಲ್ಲಿ ಶೇಕಡಾ 17ರ ಏರಿಕೆಯಾಯಿತು, ಅದೂ 2022ರ ನವೆಂಬರಿನಿಂದ ಅನ್ವಯವಾಗುವಂತೆ. ಬಾಕಿ ಹಣ ಬಂದ ತಿಂಗಳು ಅಕ್ಕನ ಮಗ ಮನೆಗೆ ಸಿಹಿ ತಂದಿದ್ದ. ಸಂತೋಷವಾಯಿತೇನಪ್ಪ ಎಂದರೆ, ‘ಹಣಕ್ಕೆ ಸಂತೋಷವೇ ಚಿಕ್ಕಮ್ಮ. ಆದರೆ ಬೆಳಿಗ್ಗೆ ಎಂಟೂವರೆಗೆ ಫೋನ್ ರಿಂಗಾದರೆ ಈಗಲೂ ಹೊಟ್ಟೆಯಲ್ಲಿ ತಳಮಳ ಆಗುತ್ತದೆ’ ಎಂದ. ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನೋವಿಜ್ಞಾನಿ ಪಿಟ್ಸ್‌ಬರ್ಗಿನ ಸುಮಾರು ಇನ್ನೂರು ಇಂಜಿನಿಯರು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಇದನ್ನೇ ಹೇಳಿದ. ಕೆಲಸದಲ್ಲಿ ಬೇಸರ ತಂದ ಸಂದರ್ಭಗಳನ್ನು ಹೇಳಿ ಎಂದಾಗ ಅವರು ಸಂಸ್ಥೆಯ ನೀತಿಯನ್ನೂ ಮೇಲಧಿಕಾರಿಯ ನಡತೆಯನ್ನೂ ಹೇಳಿದರು. ಸಂತೋಷ ತಂದ ಸಂದರ್ಭಗಳೆಂದರೆ ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸವೇ ಹಿತವಾಗಿದ್ದದ್ದು. ಸಂಬಳ ಸಾಲದಿದ್ದರೆ ಬೇಸರವಾಗುತ್ತದೆ ನಿಜ, ಆದರೆ ಸಾಕಷ್ಟು ಸಿಕ್ಕಿತೆಂದ ಮಾತ್ರಕ್ಕೆ ಮನಸ್ಸಿಗೆ ಹುರುಪು ಬರುವುದಿಲ್ಲ. ‘ಏನು ಕಡಿಮೆ?’ ಎನ್ನುವವರು ಇದನ್ನು ಗಮನಿಸಬೇಕು. ಕಡಿಮೆಯಾದದ್ದು ಮರ್ಯಾದೆ. ಅದನ್ನು ಯಾವ ವೇತನ ಒಪ್ಪಂದದಲ್ಲೂ ಶೇಕಡಾವಾರು ಏರಿಸಲು ಬರುವುದಿಲ್ಲ.

ಈ ಗದರಿಕೆ ಒಬ್ಬ ಮ್ಯಾನೇಜರರ ಸ್ವಭಾವದೋಷವೆಂದು ಬಿಟ್ಟರೆ ಅನ್ಯಾಯವಾದೀತು. ನಾನು ಹೇಳಿದ ಆ ಮ್ಯಾನೇಜರಿಗೂ ಬೆಳಿಗ್ಗೆ ಒಂದು ಫೋನ್ ಬರುತ್ತಿತ್ತು. ಪ್ರಧಾನ ಕಚೇರಿ ಪ್ರಾದೇಶಿಕ ಕಚೇರಿಯನ್ನು, ಅದು ಶಾಖೆಯನ್ನು, ಶಾಖೆ ಗುಮಾಸ್ತನನ್ನು ಗದರಿಸುವುದು. ಮೇಲಿನಿಂದ ಕೆಳಗೆ ಇಳಿಯುವಾಗ ಮಾತು ಇನ್ನಷ್ಟು ಒರಟಾಗುವುದು. 2023ರ ಜೂನ್‌ನಲ್ಲಿ ದೇಶದ ದೊಡ್ಡ ಖಾಸಗಿ ಬ್ಯಾಂಕೊಂದರ ಕೋಲ್ಕತ್ತದ ಅಧಿಕಾರಿಯೊಬ್ಬರು ವಿಡಿಯೋ ಮೀಟಿಂಗಿನಲ್ಲಿ ಕೆಳಗಿನವರನ್ನು ಬಾಯಿಗೆ ಬಂದಂತೆ ಬೈದದ್ದನ್ನು ಇಡೀ ದೇಶ ನೋಡಿತು. ಬ್ಯಾಂಕು ಅವರನ್ನು ಅಮಾನತು ಮಾಡಿ ಕೈತೊಳೆದುಕೊಂಡಿತು. ಅವರ ಬೈಗುಳವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಷ್ಟು ವಿಮೆ ಮಾರಲೇಬೇಕೆಂದು ಅವರಿಗೆ ಹೇಳಿದವರು ಯಾರು, ಅವರ ಮೀಟಿಂಗಿನಲ್ಲಿ ಅವರಿಗೆ ಏನು ಸಿಕ್ಕಿತ್ತು ಎಂದು ಯಾರೂ ಕೇಳಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿಬಿದ್ದವನು ಅಪರಾಧಿ, ಸಿಕ್ಕದವರೆಲ್ಲ ಸಮರ್ಥ ಆಡಳಿತಗಾರರು!

ಅಂಕಿಯ ಭಯ ಮನುಷ್ಯನಿಂದ ಏನೇನು ಮಾಡಿಸುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. 2014ರ ಆಗಸ್ಟಿನಲ್ಲಿ ಆರಂಭವಾದ ಜನಧನ ಯೋಜನೆಯಲ್ಲಿ ಕೋಟಿಗಟ್ಟಲೆ ಖಾತೆಗಳು ತೆರೆದವು. ಬಡವರಿಗೆ ಖಾತೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಶೂನ್ಯ ಶಿಲ್ಕಿನ ಖಾತೆಗಳ ಸಂಖ್ಯೆ ಇಳಿಸಿ ತೋರಿಸಬೇಕೆಂಬ ಒತ್ತಡ ಬಿದ್ದಾಗ, ಬ್ಯಾಂಕಿನ ಸಿಬ್ಬಂದಿಯೇ ಅಂಥ ಖಾತೆಗಳಿಗೆ ಒಂದೊಂದು ರೂಪಾಯಿ ತುಂಬಿಸಿದರೆಂದು 2016ರಲ್ಲಿ ಪತ್ರಿಕೆಯಲ್ಲಿ ವರದಿಯಾಯಿತು. ಬಡವನ ಖಾತೆಯಲ್ಲಿ ಹಣ ಇದೆ ಎಂದು ತೋರಿಸಲು ಗುಮಾಸ್ತ ಒಂದು ರೂಪಾಯಿ ಹಾಕುವುದು! ಶಾಲಾ ತಪಾಸಣೆಯ ಹಿಂದಿನ ದಿನ ಹಾಜರಿ ಪುಸ್ತಕ ತಿದ್ದುವ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ, ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಹೆದರಿಸಿ ಅಂಕಿ ಕೇಳಿದವನಿಗೆ ಅಂಕಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ.

ಇದೇ ದಾರಿಯಲ್ಲಿ ಕೊನೆಯವರೆಗೂ ನಡೆದು ಹಳ್ಳಕ್ಕೆ ಬಿದ್ದ ಬ್ಯಾಂಕಿನ ಕಥೆಯೂ ಜಗತ್ತಿನ ಮುಂದೆ ಇದೆ. ಅಮೆರಿಕದ ವೆಲ್ಸ್ ಫಾರ್ಗೊ 1852ರಲ್ಲಿ ಸ್ಥಾಪನೆಯಾದ ಬ್ಯಾಂಕು, ದೊಡ್ಡ ಹೆಸರು. ಒಬ್ಬೊಬ್ಬ ಗ್ರಾಹಕನಿಗೂ ಖಾತೆ, ಕಾರ್ಡು, ಸಾಲ ಎಂದು ಎಂಟು ಸರಕು ಮಾರಬೇಕೆಂಬುದು ಅದರ ಮುಖ್ಯಸ್ಥರ ಮಂತ್ರ. ಹೊಸ ವರ್ಷ ಬಂತೆಂದರೆ ಜನವರಿಯ ವಿಶೇಷ ಅಭಿಯಾನ. ಕೌಂಟರಿನ ಹುಡುಗ ಹುಡುಗಿಯರು ಮಾರಿದ್ದೆಷ್ಟೆಂದು ಮತ್ತೆ ಮತ್ತೆ ಲೆಕ್ಕ ಒಪ್ಪಿಸಬೇಕು, ಗುರಿ ಮುಟ್ಟದಿದ್ದರೆ ಕೆಲಸಕ್ಕೆ ಸಂಚಕಾರ. ಅವರೇನು ಮಾಡಿದರು? ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರಿನಲ್ಲಿ ಹಗರಣ ಹೊರಬಿದ್ದು 18.5 ಕೋಟಿ ಡಾಲರ್ ದಂಡ ಬಿತ್ತು. ಅಂಥ ಖಾತೆಗಳು 35 ಲಕ್ಷದವರೆಗೂ ಇರಬಹುದೆಂದು ಮರುವರ್ಷ ಬ್ಯಾಂಕೇ ಹೇಳಿತು. ಐದು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಮನೆಗೆ ಕಳಿಸಲಾಗಿತ್ತು. ಒಳಗಿನ ದೂರವಾಣಿಗೆ ದೂರು ಕೊಟ್ಟದ್ದಕ್ಕೇ ನಮ್ಮನ್ನು ತೆಗೆದರೆಂದು ಹೇಳಿದವರೂ ಇದ್ದರು. ಮೊದಲು ತಪ್ಪೆಲ್ಲ ಕೆಳಗಿನವರದೆಂದಾಯಿತು. ಆದರೆ 2017ರ ಏಪ್ರಿಲ್‌ನಲ್ಲಿ ಬ್ಯಾಂಕಿನ ನಿರ್ದೇಶಕ ಮಂಡಳಿಯ ತನಿಖೆಯೇ ಮೇಲಿನವರ ಒತ್ತಡದ ಮಾರಾಟ ಪದ್ಧತಿಯತ್ತ ಬೆರಳು ತೋರಿಸಿತು. ಮುಖ್ಯಸ್ಥ ಜಾನ್ ಸ್ಟಂಫ್ 2016ರಲ್ಲೇ ಕುರ್ಚಿ ಬಿಟ್ಟಿದ್ದ. 2020ರಲ್ಲಿ ಅವನಿಗೆ 1.75 ಕೋಟಿ ಡಾಲರ್ ದಂಡ ಹಾಕಿ, ಮುಂದೆ ಬ್ಯಾಂಕಿಂಗ್ ಕ್ಷೇತ್ರಕ್ಕೆ ಕಾಲಿಡದಂತೆ ಮಾಡಿದರು. ಅದೇ ವರ್ಷ ಬ್ಯಾಂಕು ಇನ್ನೂ 300 ಕೋಟಿ ಡಾಲರ್ ಕಟ್ಟಿ ಸರಕಾರದೊಡನೆ ಇತ್ಯರ್ಥ ಮಾಡಿಕೊಂಡಿತು. ಗದರಿಸಿ ಬೆಳೆಸಿದ ಬಡ್ಡಿ ಕೊನೆಗೆ ಅಸಲನ್ನೇ ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮಲ್ಲಿ ಹಾಗೆಲ್ಲ ಇಲ್ಲ ಎನ್ನಬೇಡಿ. ಕೃಷಿ ಸಾಲಕ್ಕೆ ಹೋದ ಅಡಿಕೆ ಬೆಳೆಗಾರನ ಕೈಯಲ್ಲಿ ವಿಮೆಯ ಫಾರಂಗೂ ಸಹಿ ಹಾಕಿಸುವುದು, ಠೇವಣಿ ಇಡಲು ಬಂದ ನಿವೃತ್ತ ಮೇಷ್ಟ್ರಿಗೆ ಐದು ವರ್ಷ ಕಂತು ಕಟ್ಟಬೇಕಾದ ಪಾಲಿಸಿ ಅಂಟಿಸುವುದು ನಮ್ಮ ಪೇಟೆಯಲ್ಲೂ ನಡೆದಿದೆ. ಬ್ಯಾಂಕುಗಳು ವಿಮೆಯನ್ನು ತಪ್ಪಾಗಿ ಮಾರುತ್ತಿವೆ, ಅದರಿಂದ ಸಾಲಗಾರನ ಹೊರೆ ಹೆಚ್ಚುತ್ತದೆ ಎಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ 2024ರ ನವೆಂಬರಿನಲ್ಲಿ ಬ್ಯಾಂಕಿನವರ ಸಭೆಯಲ್ಲಿ ಎಚ್ಚರಿಸಿದರು. ತಿಂಗಳ ಕೊನೆಯಲ್ಲಿ ಅಕ್ಕನ ಮಗ, ‘ಚಿಕ್ಕಮ್ಮ, ಒಂದು ಸಣ್ಣ ಪಾಲಿಸಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಾಳೆ ನನಗೆ ಉಂಟು’ ಎಂದು ಫೋನ್ ಮಾಡುತ್ತಾನೆ. ಅವನು ಕಾಮರ್ಸಿನಲ್ಲಿ ರ‍್ಯಾಂಕ್ ಬಂದ ಹುಡುಗ. ಸಾಲದ ಅರ್ಜಿ ನೋಡಿ ಯಾವ ಉದ್ಯಮ ನಿಲ್ಲುತ್ತದೆ, ಯಾವುದು ಮುಳುಗುತ್ತದೆ ಎಂದು ಹೇಳಬಲ್ಲ. ಆ ವಿದ್ಯೆಗೆ ಅವನ ಬ್ಯಾಂಕಿನಲ್ಲಿ ಕೇಳುವವರಿಲ್ಲ. ನೆಂಟರಿಷ್ಟರ ಮುಂದೆ ಹಲ್ಲು ಗಿಂಜುವ ವಿದ್ಯೆಗೆ ಮಾತ್ರ ಶಹಬ್ಬಾಸ್‌ಗಿರಿ. ಅವನಿಗೆ ತೃಪ್ತಿ ಎಲ್ಲಿಂದ ಬರಬೇಕು?

ಹೆಂಗಸರ ಪಾಡು ಇನ್ನೂ ಒಂದು ಕೈ ಹೆಚ್ಚು. ನನ್ನ ಶಿಷ್ಯೆಯೊಬ್ಬಳು ಎರಡು ವರ್ಷದ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದವಳು, ‘ದಿನಾ ಸಂಜೆ ಏಳರ ಮೀಟಿಂಗ್ ಬೇಡ ಸರ್, ಬೆಳಿಗ್ಗೆ ಇಡಿ’ ಎಂದಳು. ಕೇಳಿದ್ದು ಅಷ್ಟೇ. ಮೂರು ತಿಂಗಳಲ್ಲಿ ಮನೆಯಿಂದ ಇನ್ನೂರು ಮೈಲಿ ಆಚೆಗೆ ಅವಳ ವರ್ಗಾವಣೆಯಾಯಿತು. ಆದೇಶದ ಕಾಗದದಲ್ಲಿ ‘ಆಡಳಿತಾತ್ಮಕ ಕಾರಣ’ ಎಂದಿತ್ತು. ಅವಳ ಶಾಖೆಯ ಉಳಿದವರು ಆ ಕಾಗದದಿಂದ ಕಲಿತ ಪಾಠವನ್ನು ಯಾವ ತರಬೇತಿ ಕಾಲೇಜೂ ಅಷ್ಟು ಚೆನ್ನಾಗಿ ಕಲಿಸಲಾರದು. ಬಾಯಿ ಮುಚ್ಚಿಕೊಂಡಿರಬೇಕು ಎಂಬುದೇ ಆ ಪಾಠ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದಕ್ಕೆ ಉತ್ತರ ಹೇಳಲೇಬೇಕು. ಬ್ಯಾಂಕೆಂದರೆ ಪರರ ದುಡ್ಡು, ಶಿಸ್ತು ಇಲ್ಲದಿದ್ದರೆ ನಡೆದೀತೇ ಎಂದು ಕೇಳುತ್ತಾರೆ. ಶಿಸ್ತು ಬೇಡವೆಂದು ನಾನು ಎಲ್ಲಿ ಹೇಳಿದೆ? ಹಿಂದಿನ ಕಾಲದ ಬ್ಯಾಂಕು ಸ್ವರ್ಗವಾಗಿತ್ತೆಂದೂ ನಾನು ಹೇಳುವವಳಲ್ಲ. ಹನ್ನೊಂದು ಗಂಟೆಗೆ ಬಂದು ಪತ್ರಿಕೆ ಓದುವ ಗುಮಾಸ್ತರನ್ನೂ, ಅದನ್ನು ಕಂಡೂ ಕಾಣದಂತೆ ಒಳಗೆ ಕೂರುತ್ತಿದ್ದ ಮ್ಯಾನೇಜರುಗಳನ್ನೂ ನನ್ನ ಹರೆಯದಲ್ಲಿ ಕಂಡಿದ್ದೇನೆ. ಲೆವಿನ್ನನ ಮೂರನೆಯ ನಾಯಕ, ಏನಾದರೂ ಮಾಡಿಕೊಳ್ಳಿ ಎಂದವನು, ಅವರೇ. ಆ ಗುಂಪಿನ ಹುಡುಗರೂ ಚರ್ಚೆಯ ಗುಂಪಿನವರಷ್ಟು ಕೆಲಸ ಮಾಡಲಿಲ್ಲ. ಶಿಸ್ತಿಗೂ ಅವಮಾನಕ್ಕೂ ವ್ಯತ್ಯಾಸವುಂಟು. ನಗದು ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗಬಾರದು ಎಂಬುದು ಶಿಸ್ತು. ಅದನ್ನು ಯಾವ ಕ್ಯಾಷಿಯರನೂ ವಿರೋಧಿಸಿದ್ದನ್ನು ನಾನು ಕೇಳಿಲ್ಲ. ಐವತ್ತೆರಡು ವರ್ಷದ ಮನುಷ್ಯನನ್ನು ಇಪ್ಪತ್ತು ಜನರೆದುರು ನಿಲ್ಲಿಸಿ ಸಂಬಳ ಯಾಕೆಂದು ಕೇಳುವುದು ಅವಮಾನ. ತರಗತಿಯಲ್ಲಿ ಮೂವತ್ತು ವರ್ಷ ನಿಂತವಳಾಗಿ ಹೇಳುತ್ತೇನೆ, ಬೆತ್ತ ಹಿಡಿದು ಬಂದ ಮೇಷ್ಟ್ರ ತರಗತಿ ಅತ್ಯಂತ ನಿಶ್ಶಬ್ದವಾಗಿರುತ್ತದೆ, ಫಲಿತಾಂಶ ಬಂದ ದಿನ ಅವರ ಮುಖ ನೋಡಬೇಕು. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಹತ್ತು ವರ್ಷದ ಮಗುವಿಗೆ ಕೊಟ್ಟ ಈ ಅಭಯವನ್ನು ಆ ಮಗುವಿನ ತಂದೆಗೆ ಅವನ ಆಫೀಸಿನಲ್ಲಿ ಕೊಡಬಾರದೇ?

ಸಿಂಡಿಕೇಟ್ ಬ್ಯಾಂಕನ್ನು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಮೂವರಲ್ಲಿ ಡಾ. ಟಿ.ಎಂ.ಎ. ಪೈ ಒಬ್ಬರು, ವೃತ್ತಿಯಿಂದ ವೈದ್ಯರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಪಡೆದರು. ಅದೇ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆ ತೆರೆಯಿತು. ಅವರೂ ಲೆಕ್ಕ ಕೇಳಿದರು, ಗುರಿ ಇಟ್ಟರು, ಬ್ಯಾಂಕು ಧರ್ಮಛತ್ರವಲ್ಲವಲ್ಲ. ಆದರೆ ಪಿಗ್ಮಿಯವರು ನಮ್ಮಪ್ಪನ ಅಂಗಡಿಗೆ ಬಂದು ಮಾಡುತ್ತಿದ್ದ ಕೆಲಸದಿಂದ ನಮ್ಮ ಮನೆಗೆ ಒಳ್ಳೆಯದಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ‘ಮಗಳ ಕಾಲೇಜಿಗೆ ಇಡಿ ರಾಯರೆ’ ಎಂದು ಅವರೇ ಅಪ್ಪನಿಗೆ ಹೇಳುತ್ತಿದ್ದರು. ಬೇಡದ ಪಾಲಿಸಿ ಅಂಟಿಸಿ ಬಂದವನು ಆ ಮನೆಯ ದಾರಿಯಲ್ಲಿ ಮತ್ತೆ ತಲೆಯೆತ್ತಿ ಹೋಗಬಲ್ಲನೇ? ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾದೊಡನೆ, ಕಾರ್ಪೊರೇಷನ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಡನೆ, ಸಿಂಡಿಕೇಟ್ ಅದೇ ವರ್ಷ ಕೆನರಾದೊಡನೆ ಸೇರಿಹೋದವು. ಹೆಸರು ಹೋದದ್ದಕ್ಕೆ ನಮ್ಮ ಜಿಲ್ಲೆಯವರು ಬಹಳ ಮರುಗಿದರು. ಕೆಲಸ ಮಾಡುವವರಿಗೆ ತಮ್ಮ ಕೆಲಸದ ಮೇಲಿದ್ದ ಹೆಮ್ಮೆ ಹೋದದ್ದಕ್ಕೆ ಅದರ ಕಾಲುಭಾಗವೂ ಯಾರೂ ಮರುಗಲಿಲ್ಲ.

ಬರೀ ಬೈದು ಮುಗಿಸಿದರೆ ನಾನೂ ಆ ಮ್ಯಾನೇಜರರ ಸಾಲಿಗೇ ಸೇರುತ್ತೇನೆ. ಆದ್ದರಿಂದ ಬೇಕಾದ್ದೇನೆಂದು ಹೇಳಿಬಿಡುತ್ತೇನೆ. ಒಂದು, ಮ್ಯಾನೇಜರರ ಬಡ್ತಿಗೆ ಮೇಲಿನವರು ಕೊಡುವ ಅಂಕಗಳ ಜೊತೆಗೆ ಅವರ ಕೈಕೆಳಗೆ ದುಡಿದವರು ಗುಟ್ಟಾಗಿ ಕೊಡುವ ಅಂಕಗಳನ್ನೂ ಸೇರಿಸಬೇಕು. ಎರಡು, ಒಬ್ಬ ಅಧಿಕಾರಿಯ ಕೆಳಗಿನಿಂದ ಎಷ್ಟು ಮಂದಿ ವರ್ಗಾವಣೆ ಬೇಡಿದರು, ಎಷ್ಟು ಮಂದಿ ಅವಧಿಗೆ ಮೊದಲೇ ಕೆಲಸ ಬಿಟ್ಟರು ಎಂಬುದನ್ನು ಅವರ ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದೇ ಬರೆಯಬೇಕು. ಮೂರು, ಬ್ಯಾಂಕಿನದಲ್ಲದ ಸರಕನ್ನು ಮಾರುವ ಗುರಿಯನ್ನು ಕೌಂಟರಿನವರ ತಲೆಗೆ ಕಟ್ಟಬಾರದು. ನಾಲ್ಕು, ಗುರಿ ಗೊತ್ತುಮಾಡುವ ದೊಡ್ಡವರು ವರ್ಷಕ್ಕೆ ಒಂದು ವಾರವಾದರೂ ಹಳ್ಳಿಯ ಶಾಖೆಯೊಂದರ ಕೌಂಟರಿನಲ್ಲಿ ಕೂರಬೇಕು. ಸರ್ವರ್ ಇಲ್ಲದ ಸೋಮವಾರ, ಮಳೆಯಲ್ಲಿ ನೆನೆದು ಬಂದ ಐವತ್ತು ಜನ, ಒಳಗಿನಿಂದ ವಿಮೆ ಎಷ್ಟಾಯಿತೆಂಬ ಕೂಗು. ಇವನ್ನೆಲ್ಲ ಒಂದು ವಾರ ಅನುಭವಿಸಲಿ. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ, ಹೊಸ ಕಾಯಿದೆಯೂ ಬೇಕಿಲ್ಲ. ಆದರೂ ಆಗುತ್ತಿಲ್ಲವೆಂದರೆ, ತಮ್ಮ ಅಂಕಪಟ್ಟಿಯನ್ನು ಕೆಳಗಿನವರು ನೋಡುವುದು ಮೇಲಿನವರಿಗೆ ಬೇಕಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇನ್ನು ಓದುಗರಾದ ನಿಮ್ಮದೂ ಒಂದು ಪಾಲಿದೆ. ಮುಂದಿನ ಸಲ ಕೌಂಟರಿನ ಆಚೆಯಿಂದ ಒರಟು ಮಾತು ಬಂದಾಗ ಸುಮ್ಮನೆ ಸಹಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ದೂರು ಬರೆಯಿರಿ. ಆದರೆ ಆ ಗುಮಾಸ್ತನ ಹೆಸರಿನಲ್ಲಿ ಬರೆಯುವ ಮೊದಲು, ಈ ಶಾಖೆಯಲ್ಲಿ ಬೆಳಿಗ್ಗೆ ಏನು ನಡೆಯುತ್ತದೆ, ಯಾರ ಮೇಲೆ ಎಷ್ಟು ಗುರಿ ಹೇರಿದ್ದಾರೆ, ಕಳೆದ ವರ್ಷ ಇಲ್ಲಿಂದ ಎಷ್ಟು ಮಂದಿ ಬಿಟ್ಟುಹೋದರು ಎಂದು ಪ್ರಾದೇಶಿಕ ಕಚೇರಿಯನ್ನೇ ಕೇಳಿ ಬರೆಯಿರಿ. ಠೇವಣಿ ನಿಮ್ಮದು. ನಿಮ್ಮ ದುಡ್ಡು ಕಾಯುವವರನ್ನು ಹೇಗೆ ನಡೆಸಿಕೊಳ್ಳುತ್ತೀರೆಂದು ಕೇಳುವ ಅಧಿಕಾರವೂ ನಿಮ್ಮದೇ.